ಕರೆಂಟ್ ಬಾಕಿಯೂ ಸಾಲವೇ

(ಶ್ರೀರಂಗಪಟ್ಟಣದಲ್ಲಿ 2023ರ ಆಗಸ್ಟ್ 25ರಂದು ಜುಮಾ ನಮಾಝಿಗೆ ಮುಂಚೆ ಮಾಡಿದ ಭಾಷಣದ ಸಾರ)

 

ಇವತ್ತು ನಾನು ಮಾತಾಡಬೇಕೆಂದಿರುವುದು ಕರೆಂಟ್ ಬಿಲ್ಲಿನ ಬಗ್ಗೆ. ಮಿಂಬರಿನ ಪಕ್ಕ ನಿಂತು ಲೈಟ್ ಬಿಲ್ಲಿನ ಮಾತೇ ಎಂದು ನಮ್ಮ ಹಿರಿಯರಿಗೆ ಅನ್ನಿಸಬಹುದು. ಆದರೆ ಸೆಪ್ಟೆಂಬರ್ 30ಕ್ಕೆ ಇನ್ನು ಐದೇ ವಾರ ಉಳಿದಿದೆ. ಆ ದಿನಕ್ಕೂ ನಮ್ಮ ಮೊಹಲ್ಲಾಗಳ ಕೆಲವು ಮನೆಗಳಿಗೂ ಇರುವ ಸಂಬಂಧವನ್ನು ಹೇಳದೆ ಬೇರೆ ವಿಷಯ ಎತ್ತಲು ಮನಸ್ಸು ಒಪ್ಪಲಿಲ್ಲ. ಉರ್ದು ಬಿಟ್ಟು ಕನ್ನಡದಲ್ಲಿ ಮಾತಾಡುತ್ತಿರುವುದಕ್ಕೂ ಕಾರಣ ಅದೇ. ಬಿಲ್ಲು ಬರುವುದು ಕನ್ನಡದಲ್ಲಿ, ಮನೆಯಲ್ಲಿ ಅದನ್ನು ಓದಿ ಹೇಳುವವರು ನಮ್ಮ ಮಕ್ಕಳು.

ಗೃಹಜ್ಯೋತಿ ಯೋಜನೆ ಬಂದಿರುವುದು ನಿಮಗೆಲ್ಲ ಗೊತ್ತು. ಈ ತಿಂಗಳು 5ರಂದು ಕಲಬುರಗಿಯಲ್ಲಿ ಮುಖ್ಯಮಂತ್ರಿಗಳು ಚಾಲನೆ ಕೊಟ್ಟರು. ಜುಲೈಯಲ್ಲಿ ಉರಿಸಿದ ಕರೆಂಟಿಗೆ ಈ ತಿಂಗಳು ಬಂದ ಬಿಲ್ಲಿನಲ್ಲಿ ನಿಮ್ಮಲ್ಲಿ ಅನೇಕರು ಸೊನ್ನೆ ನೋಡಿದ್ದೀರಿ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅಷ್ಟು, ಅದರ ಮೇಲೆ ಶೇಕಡಾ 10ರಷ್ಟು, ಅಲ್ಲಿಯವರೆಗೆ ಹಣವಿಲ್ಲ. ಅದು ಮೀರಿದರೆ ಮೀರಿದ ಯೂನಿಟ್ಟಿಗಷ್ಟೇ ಹಣ. ತಿಂಗಳಿಗೆ 200 ದಾಟಿದರೆ ಮಾತ್ರ ಪೂರ್ತಿ ಬಿಲ್ಲು. ಬಾಡಿಗೆ ಮನೆಯವರಿಗೂ ಇದು ಸಿಗುತ್ತದೆ. ಒಳ್ಳೆಯ ಯೋಜನೆ. ಇನ್ನೂ ನೋಂದಾಯಿಸದವರು ಆಧಾರ್ ಕಾರ್ಡು, ಹಳೆಯ ಬಿಲ್ಲು ಹಿಡಿದುಕೊಂಡು ನಾಳೆಯೇ ಗ್ರಾಮ ಒನ್ ಕೇಂದ್ರಕ್ಕೋ ಸೆಸ್ಕ್ ಕಚೇರಿಗೋ ಹೋಗಿ.

ಆದರೆ ಸರಕಾರದ ಆದೇಶದಲ್ಲಿ ಇನ್ನೊಂದು ಷರತ್ತಿದೆ. ಅದನ್ನು ಟಿ.ವಿ.ಯಲ್ಲಿ ಅಷ್ಟಾಗಿ ಹೇಳಲಿಲ್ಲ. ಜೂನ್ 30ರವರೆಗೆ ಉಳಿಸಿಕೊಂಡಿರುವ ಹಳೆಯ ಬಾಕಿಯನ್ನು ಮೂರು ತಿಂಗಳೊಳಗೆ ಕಟ್ಟಬೇಕು. ಕಟ್ಟದಿದ್ದರೆ ಸಂಪರ್ಕ ಕಡಿತ. ಸೊನ್ನೆ ಬಿಲ್ಲು ಬಂತು, ಹಳೆಯದೆಲ್ಲ ಮಾಫಿಯಾಯಿತು ಎಂದು ತಿಳಿದುಕೊಂಡಿರುವವರು ನಮ್ಮಲ್ಲಿ ಬಹಳ ಮಂದಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾನು ಓಡಾಡುವ ಈ ನಾಲ್ಕೂ ಕಡೆ ಈ ಮಾತು ಕೇಳಿದೆ. ಮಾಫಿಯಾಗಿಲ್ಲ. ಮನೆಗೆ ಹೋಗಿ ಬಿಲ್ಲನ್ನು ಮತ್ತೊಮ್ಮೆ ನೋಡಿ. ಬಾಕಿ ಎಂದು ಬರೆದಿರುವ ಸಾಲಿನ ಎದುರಿಗೆ ಅಂಕಿ ಇದ್ದರೆ ಅದು ಇನ್ನೂ ನಿಮ್ಮ ತಲೆಯ ಮೇಲಿದೆ.

ಈ ಬಾಕಿ ಎಲ್ಲಿಂದ ಬಂತು? ಕೆಲವರದು ಬರೀ ಅಸಡ್ಡೆ, ಅದನ್ನು ಮುಚ್ಚಿಡುವುದಿಲ್ಲ. ಫೋನಿಗೆ ರೀಚಾರ್ಜ್ ಮಾಡಲು ಹಣವಿರುತ್ತದೆ, ಬಿಲ್ಲಿಗೆ ಇರುವುದಿಲ್ಲ. ಅಂಥವರಿಗೆ ಇವತ್ತಿನ ಭಾಷಣವಲ್ಲ. ಆದರೆ ಬಾಕಿ ಬೆಳೆದ ಅನೇಕ ಮನೆಗಳಲ್ಲಿ ಕೂತು ಲೆಕ್ಕ ಹಿಡಿದುಕೊಂಡು ಹಿಂದಕ್ಕೆ ಹೋದರೆ ಅದು ನಿಲ್ಲುವುದು 2020ರ ಮಾರ್ಚ್ ಕೊನೆಗೆ, ಲಾಕ್‌ಡೌನ್ ಶುರುವಾದ ವಾರಕ್ಕೆ.

ಆ ದಿನಗಳನ್ನು ನೆನಪಿಸಿಕೊಳ್ಳಿ. ಗುಂಬಝ್, ದರಿಯಾ ದೌಲತ್, ಸಂಗಮ ಎಲ್ಲ ಬಂದ್. ಪ್ರವಾಸಿಗರನ್ನೇ ನಂಬಿದ ಆಟೋದವರು, ಟಾಂಗಾದವರು, ಎಳನೀರು ಮಾರುವವರು, ಆಟಿಕೆ ಮಾರುವವರು ಒಂದೇ ದಿನದಲ್ಲಿ ಕೈ ಖಾಲಿ ಮಾಡಿಕೊಂಡರು. ಮದುವೆಗಳು ನಿಂತವು. ಮದುವೆ ನಿಂತರೆ ಬಾವರ್ಚಿಗೆ ಕೆಲಸವಿಲ್ಲ, ಶಾಮಿಯಾನದವನಿಗೆ ಇಲ್ಲ, ಬ್ಲೌಸ್ ಹೊಲಿಯುವ ತಂಗಿಗೂ ಇಲ್ಲ. ಗ್ಯಾರೇಜು, ವೆಲ್ಡಿಂಗ್ ಅಂಗಡಿ ಬಾಗಿಲು ಹಾಕಿದವು. ಮೇ ತಿಂಗಳಲ್ಲಿ ಮುಂಬಯಿಯಿಂದ ಕೆ.ಆರ್. ಪೇಟೆಗೂ ನಾಗಮಂಗಲಕ್ಕೂ ಬಸ್ಸುಗಟ್ಟಲೆ ಜನ ಮರಳಿದರು. ಹಾಸ್ಟೆಲಿನಲ್ಲಿ, ಶಾಲೆಗಳಲ್ಲಿ ಕ್ವಾರಂಟೈನ್. ಅಲ್ಲಿಂದ ಮನೆಗೆ ಬರುತ್ತಿದ್ದ ದುಡ್ಡು ನಿಂತಿತು, ಉಣ್ಣುವ ಬಾಯಿ ಹೆಚ್ಚಿತು. ಇದೆಲ್ಲ ಎಲ್ಲ ಜಾತಿಯವರಿಗೂ ಆದದ್ದೇ. ನಮ್ಮ ಹಣ್ಣಿನ ಗಾಡಿಯವರಿಗೆ ಮಾತ್ರ ಇನ್ನೊಂದು ಸೇರಿತು. ಆ ಏಪ್ರಿಲ್‌ನಲ್ಲಿ ಫೋನಿನಿಂದ ಫೋನಿಗೆ ಹರಿದ ಮಾತುಗಳನ್ನು ನಾನು ಇಲ್ಲಿ ಮತ್ತೆ ಹೇಳುವುದಿಲ್ಲ. ಗಾಡಿ ತಳ್ಳಲು ಪಾಸು ಇದ್ದರೂ ಕೊಳ್ಳುವವರು ಹೆದರಿದರು ಎಂದರೆ ಸಾಕು.

ಮನೆಯಲ್ಲಿ ಕೂತರೆ ಫ್ಯಾನು ತಿರುಗುತ್ತದೆ, ಲೈಟು ಉರಿಯುತ್ತದೆ. ಏಪ್ರಿಲ್‌ನಲ್ಲಿ ಮೀಟರ್ ನೋಡಲು ಯಾರೂ ಬರುವಂತಿರಲಿಲ್ಲ. ಹಿಂದಿನ ತಿಂಗಳುಗಳ ಸರಾಸರಿ ಹಿಡಿದು ಬಿಲ್ಲು ಮಾಡಿದರು. ಮೇ ತಿಂಗಳಲ್ಲಿ ಮೀಟರ್ ನೋಡಿದಾಗ ಎರಡು ತಿಂಗಳದ್ದು ಒಟ್ಟಿಗೆ ಬಂತು. ಆ ವರ್ಷ ರಮಝಾನ್ ಬಂದದ್ದು ಏಪ್ರಿಲ್ ಕೊನೆಯ ವಾರದಲ್ಲಿ. ಸೆಹ್ರಿಗೆ ಎದ್ದೆವು, ಮಸೀದಿ ಮುಚ್ಚಿದ್ದರಿಂದ ತರಾವೀಹ್ ಮನೆಯಲ್ಲೇ ಮಾಡಿದೆವು. ಸಂಪಾದನೆ ಇಲ್ಲದ ತಿಂಗಳಲ್ಲೇ ದೀಪ ಹೆಚ್ಚು ಹೊತ್ತು ಉರಿಯಿತು.

ಸರಕಾರ ಕೊಟ್ಟಿಲ್ಲವೆ? ಕೊಟ್ಟಿದೆ. ಕೊಟ್ಟದ್ದನ್ನು ಎಣಿಸದೆ ಬರೀ ದೂರುವುದು ಕೃತಘ್ನತೆ. 2020ರ ಮಾರ್ಚ್ 26ರಂದು ಕೇಂದ್ರ ಸರಕಾರ 1.70 ಲಕ್ಷ ಕೋಟಿಯ ಗರೀಬ್ ಕಲ್ಯಾಣ್ ಪ್ಯಾಕೇಜ್ ಹೇಳಿತು. ತಲೆಗೆ 5 ಕೆ.ಜಿ. ಧಾನ್ಯ, ಮನೆಗೆ 1 ಕೆ.ಜಿ. ಬೇಳೆ. ಹೆಂಗಸರ ಜನಧನ್ ಖಾತೆಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು. ಉಜ್ವಲಾ ಸಂಪರ್ಕವಿದ್ದ 8 ಕೋಟಿ ಮನೆಗಳಿಗೆ ಮೂರು ಸಿಲಿಂಡರ್ ಉಚಿತ. ಸಿಲಿಂಡರಿನ ಹಣವನ್ನು ಮೊದಲೇ ಆ ತಾಯಿಯ ಖಾತೆಗೆ ಹಾಕಿ, ಅದರಿಂದ ಕೊಂಡುಕೊಳ್ಳಿ ಎಂದರು. ಮೂರು ತಿಂಗಳಲ್ಲಿ ಖರ್ಚು ಮಾಡಲಾಗದವರಿಗೆ ಸೆಪ್ಟೆಂಬರ್‌ವರೆಗೆ ಅವಧಿ ವಿಸ್ತರಿಸಿದರು. ಮೇ 6ರಂದು ರಾಜ್ಯ ಸರಕಾರ 1,610 ಕೋಟಿಯ ಪ್ಯಾಕೇಜ್ ಪ್ರಕಟಿಸಿತು. ಆಟೋ, ಟ್ಯಾಕ್ಸಿ ಓಡಿಸುವವರಿಗೆ, ಕ್ಷೌರಿಕರಿಗೆ, ಅಗಸರಿಗೆ 5,000 ರೂಪಾಯಿ. ಎರಡನೇ ಅಲೆಯಲ್ಲಿ, 2021ರ ಮೇ 19ರಂದು, ಇನ್ನೊಂದು 1,250 ಕೋಟಿ. ಆಟೋದವರಿಗೂ ಕಟ್ಟಡ ಕೆಲಸದವರಿಗೂ 3,000, ಟೈಲರ್, ಮೆಕ್ಯಾನಿಕ್ ಮುಂತಾದವರಿಗೂ ಬೀದಿ ವ್ಯಾಪಾರಿಗಳಿಗೂ 2,000. ಜೂನ್‌ನಲ್ಲಿ ಬಂದ ಮುಂದಿನ ಕಂತಿನಲ್ಲಿ ಸಿ ದರ್ಜೆಯ ದೇವಸ್ಥಾನಗಳ ಅರ್ಚಕರ ಜೊತೆಗೆ ಇಮಾಮರನ್ನೂ ಮುಅಝ್ಝಿನರನ್ನೂ ಸೇರಿಸಿ ತಲಾ 3,000 ಎಂದರು.

ಈಗ ಈ ಪಟ್ಟಿಯಲ್ಲಿ ಬಡವರ ಮನೆಯ ಕರೆಂಟ್ ಬಿಲ್ಲು ಎಲ್ಲಿದೆ, ಹುಡುಕಿ. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ನಿಗದಿತ ಶುಲ್ಕ ಮನ್ನಾ ಆಯಿತು. ಮನೆಗಳಿಗೆ ಸಿಕ್ಕಿದ್ದು ಸಮಯ. 2020ರ ಜೂನ್ 30ರವರೆಗೆ ಬಿಲ್ಲು ಕಟ್ಟದಿದ್ದರೂ ಕರೆಂಟ್ ಕೀಳುವುದಿಲ್ಲ, ಬಾಕಿಯನ್ನು ಕಂತಿನಲ್ಲಿ ಕಟ್ಟಬಹುದು ಎಂದರು. ಅದೂ ಉಪಕಾರವೇ. ಆದರೆ ಸಮಯ ಕೊಟ್ಟರೆ ಸಾಲ ಕರಗುವುದಿಲ್ಲ. ಜುಲೈ 1 ಬಂದೇ ಬಂತು. ತಡವಾದ ಬಿಲ್ಲಿಗೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೀಳುತ್ತದೆ. ಬಾಕಿ ಅಲ್ಲಿಂದ ಹತ್ತಲು ಶುರುವಾಯಿತು.

ಬೇರೆ ಕಡೆ ಬೇರೆ ದಾರಿ ಹಿಡಿದರು. ಪಕ್ಕದ ಕೇರಳ 2020ರ ಜೂನ್‌ನಲ್ಲಿ ಮನೆ ಬಿಲ್ಲುಗಳಿಗೆ ರಿಯಾಯಿತಿ ಕೊಟ್ಟು, ಉಳಿದದ್ದನ್ನು ಐದು ಕಂತಿನಲ್ಲಿ ಕಟ್ಟಿ ಎಂದಿತು. ಅಮೆರಿಕದಲ್ಲಿ ಬಡವರ ಕರೆಂಟ್, ಗ್ಯಾಸ್ ಬಿಲ್ಲಿಗೆಂದೇ 1981ರಿಂದ ಒಂದು ಸರಕಾರಿ ನಿಧಿ ಇದೆ. ಕೋವಿಡ್ ಬಂದಾಗ ಅದಕ್ಕೆ 2020ರಲ್ಲಿ 90 ಕೋಟಿ ಡಾಲರ್, 2021ರಲ್ಲಿ 450 ಕೋಟಿ ಡಾಲರ್ ಹೆಚ್ಚುವರಿಯಾಗಿ ಹಾಕಿದರು. ಸಾಮಾನ್ಯವಾಗಿ ಅದರ ಹಣ ಮನೆಯವರ ಕೈಗೆ ಹೋಗುವುದಿಲ್ಲ, ನೇರವಾಗಿ ಕಂಪನಿಗೆ ಹೋಗಿ ಬಾಕಿ ತೀರುತ್ತದೆ. ಅಮೆರಿಕ ಶ್ರೀಮಂತ ದೇಶ, ಅದರ ಜೊತೆ ನಮ್ಮನ್ನು ಹೋಲಿಸಲು ಇದನ್ನು ಹೇಳಲಿಲ್ಲ. ಹಸಿವಿನ ಜೊತೆಗೆ ಬಿಲ್ಲು ಎಂಬುದೂ ಒಂದು ಸಂಕಟ ಎಂದು ಅಲ್ಲಿ ಯಾರೋ ಮೊದಲೇ ಯೋಚಿಸಿದ್ದರು ಎಂಬುದಷ್ಟೇ ನನ್ನ ಮಾತು.

ನಾವು ಯೋಚಿಸಿದೆವೆ? ಲಾಕ್‌ಡೌನಿನಲ್ಲಿ ನಮ್ಮ ಮಸೀದಿ ಕಮಿಟಿಗಳು, ಯುವಕರ ಸಂಘಗಳು ದುಡಿದದ್ದನ್ನು ಅಲ್ಲಾಹನು ಸ್ವೀಕರಿಸಲಿ. ಜಾತಿ ನೋಡದೆ ಕಿಟ್ ಹಂಚಿದರು. ಆದರೆ ಎಲ್ಲರೂ ಹಂಚಿದ್ದು ಒಂದೇ ಕಿಟ್. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಖರ್ಜೂರ. ಒಂದೇ ಮನೆಗೆ ಮೂರು ಕಡೆಯಿಂದ ಅಕ್ಕಿ ಬಂದು, ಬೇಯಿಸಲು ಗ್ಯಾಸ್ ಇಲ್ಲದೆ ಕೂತದ್ದನ್ನು ನಾನು ನೋಡಿದ್ದೇನೆ. ಉಜ್ವಲಾ ಸಂಪರ್ಕ ಇಲ್ಲದ ಮನೆ ಅದು, ಹಾಗಾಗಿ ಉಚಿತ ಸಿಲಿಂಡರೂ ಇಲ್ಲ. ಆ ತಾಯಿ ಪಕ್ಕದ ಮನೆಗೆ ಎರಡು ಸೇರು ಅಕ್ಕಿ ಕೊಟ್ಟು ಅವರ ಒಲೆಯಲ್ಲಿ ಅನ್ನ ಮಾಡಿಕೊಂಡು ಬಂದರು. ಅಕ್ಕಿ ಮೂಟೆಯ ಮುಂದೆ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ. ಬಿಲ್ಲು ಕಟ್ಟಿದ ರಸೀದಿಯ ಫೋಟೋವನ್ನು ಯಾರೂ ಸ್ಟೇಟಸ್ ಹಾಕುವುದಿಲ್ಲ. ಇದು ಕಟುವಾಗಿ ಕೇಳಿಸಿದರೆ ಕೇಳಿಸಲಿ.

ನಮ್ಮ ಅಜ್ಜಂದಿರು ಚಿಮಣಿ ದೀಪದಲ್ಲಿ ಬಾಳಲಿಲ್ಲವೇ, ಕರೆಂಟೇನು ಅನ್ನವೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಪ್ರವಾದಿ(ಸ)ರ ಕಾಲದ ಮನೆಗಳಲ್ಲಿ ದೀಪವೇ ಇರಲಿಲ್ಲ ಎಂದು ಹಝ್ರತ್ ಆಯಿಶಾ(ರ)ರೇ ಹೇಳಿರುವುದು ಬುಖಾರಿಯಲ್ಲಿದೆ. ಆದರೆ ಅಲ್ಲಿ ಎಲ್ಲರ ಮನೆಯಲ್ಲೂ ಕತ್ತಲೆ ಇತ್ತು. ಇವತ್ತು ಬೀದಿಯ ಇಪ್ಪತ್ತು ಮನೆಯಲ್ಲಿ ಬೆಳಕಿದ್ದು ಒಂದರಲ್ಲಿ ಕತ್ತಲಾದರೆ, ಆ ಕತ್ತಲೆ ಆ ಮನೆಯ ಬಡತನವನ್ನು ಊರಿಗೆಲ್ಲ ಸಾರುತ್ತದೆ. ಹೊಟ್ಟೆಯ ಹಸಿವನ್ನು ಬಾಗಿಲು ಹಾಕಿ ಮುಚ್ಚಬಹುದು, ಇದನ್ನು ಮುಚ್ಚಲಾಗುವುದಿಲ್ಲ. 1902ರಲ್ಲಿ ನಮ್ಮದೇ ಜಿಲ್ಲೆಯ ಶಿವನಸಮುದ್ರದಿಂದ ಕಾವೇರಿಯ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಅದೇ ಹೊಳೆಯ ದಂಡೆಯಲ್ಲಿ ನೂರಿಪ್ಪತ್ತು ವರ್ಷದ ನಂತರ ಒಬ್ಬ ಹುಡುಗಿ ಮೇಣದ ಬತ್ತಿಯಲ್ಲಿ ಎಸ್ಸೆಸ್ಸೆಲ್ಸಿಗೆ ಓದಬೇಕೇ? 2020ರ ಜುಲೈಯಲ್ಲಿ ಶಾಲೆ ಮುಚ್ಚಿದ್ದಾಗ ಮಕ್ಕಳಿಗೆ ಚಂದನ ಟಿ.ವಿ.ಯಲ್ಲಿ ‘ಸಂವೇದ’ ಪಾಠ ಬರುತ್ತಿತ್ತು. ಕರೆಂಟ್ ಕಿತ್ತ ಮನೆಯಲ್ಲಿ ಆ ಪಾಠವೂ ಇಲ್ಲ, ಹೊಲಿಗೆ ಮಿಷನ್ನಿನ ಮೋಟಾರೂ ಇಲ್ಲ. ಸಂಪಾದಿಸಿ ಬಾಕಿ ತೀರಿಸಲು ಇದ್ದ ದಾರಿಯೇ ಬಾಕಿಯಿಂದ ಮುಚ್ಚಿಹೋಗುತ್ತದೆ.

ಇನ್ನು ದೀನ್ ಈ ಬಗ್ಗೆ ಏನು ಹೇಳುತ್ತದೆ ಎಂಬುದಕ್ಕೆ ಬರೋಣ.

ಉರಿಸಿದ ಕರೆಂಟಿನ ಹಣ ಸಾಲ. ಅಂಗಡಿಯಿಂದ ತಂದ ಅಕ್ಕಿಯ ಉದ್ರಿ ಹೇಗೋ ಇದೂ ಹಾಗೆಯೇ. ಸರಕಾರದ್ದಲ್ಲವೇ, ಇರಲಿ ಬಿಡಿ ಎನ್ನುವಂತಿಲ್ಲ. ಪ್ರವಾದಿ(ಸ)ರ ಮುಂದೆ ಒಂದು ಜನಾಝಾ ತಂದಾಗ ಈತನ ಮೇಲೆ ಸಾಲವಿದೆಯೇ ಎಂದು ಕೇಳಿದರು. ಇದೆ ಎಂದರು. ಸಾಲವೆಂದರೆ ದೊಡ್ಡ ಗಂಟೇನಲ್ಲ, ಮೂರು ದೀನಾರ್. ತೀರಿಸಲು ಏನೂ ಬಿಟ್ಟಿರಲಿಲ್ಲ. ನಿಮ್ಮ ಸಂಗಾತಿಯ ನಮಾಝನ್ನು ನೀವೇ ಮಾಡಿ ಎಂದು ಪ್ರವಾದಿ(ಸ)ರು ಹಿಂದೆ ಸರಿದರು. ಆಗ ಅಬೂ ಕತಾದಾ(ರ) ಮುಂದೆ ಬಂದು ಆ ಸಾಲ ನನ್ನ ಮೇಲಿರಲಿ ಎಂದರು. ಆ ಮೇಲೆ ಪ್ರವಾದಿ(ಸ)ರು ನಮಾಝ್ ನಡೆಸಿದರು. ಈ ಹದೀಸನ್ನು ಸಾಲ ಮಾಡಬೇಡಿ ಎಂದು ಹೆದರಿಸಲು ನಾವು ಹೇಳುತ್ತೇವೆ. ಅಬೂ ಕತಾದಾರ ಕಡೆಗೂ ಒಮ್ಮೆ ನೋಡಿ. ಅವರು ಹಣ ಹಂಚುತ್ತೇನೆ ಎನ್ನಲಿಲ್ಲ, ಒಬ್ಬನ ಒಂದು ಸಾಲವನ್ನು ತಮ್ಮ ಹೆಸರಿಗೆ ಎಳೆದುಕೊಂಡರು.

ಸೂರಃ ತೌಬಾದ 60ನೇ ವಚನದಲ್ಲಿ ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳ ಹೆಸರಿದೆ. ಬಡವರು, ನಿರ್ಗತಿಕರು ನಮಗೆ ಗೊತ್ತು. ಸಾಲದಲ್ಲಿ ಸಿಕ್ಕಿಕೊಂಡವರು, ಗಾರಿಮೀನ್, ಅವರೂ ಅದೇ ಸಾಲಿನಲ್ಲಿದ್ದಾರೆ. ಸಾಲ ಕಳೆದ ಮೇಲೆ ಮನೆಯ ಅಗತ್ಯ ಬಿಟ್ಟು 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಯಾರ ಬಳಿ ಉಳಿಯುವುದಿಲ್ಲವೋ ಅವರಿಗೆ ಝಕಾತ್ ಕೊಡಬಹುದು. ಮೂರು ಸಾವಿರ ಬಾಕಿ ಇಟ್ಟುಕೊಂಡು, ಅದಕ್ಕೆ ವಾರದ ಸಂಘದಲ್ಲಿ ಬಡ್ಡಿ ಸಾಲ ತೆಗೆಯಲು ಹೊರಟಿರುವ ಸಹೋದರಿ ಈ ವರ್ಗಕ್ಕೆ ಸೇರದಿದ್ದರೆ ಮತ್ತೆ ಯಾರು ಸೇರುತ್ತಾರೆ? ಹೌದು, ಲೈಟ್ ಬಿಲ್ ಕಟ್ಟಲು ಸಂಘದ ಸಾಲ. ಒಂದು ಬಾಕಿ ತೀರಿಸಲು ಇನ್ನೊಂದು, ಆ ಇನ್ನೊಂದಕ್ಕೆ ಪ್ರತಿ ವಾರ ಬಾಗಿಲಿಗೆ ಬರುವ ವಸೂಲಿಯವನು. ಹೀಗೆ ಆಗಲು ನಾವು ಬಿಡಬಾರದು.

ನಮ್ಮ ಹನಫಿ ಫಿಕ್ಹಿನಲ್ಲಿ ಇದಕ್ಕೆ ಒಂದು ನಿಯಮವಿದೆ, ಗಮನವಿಟ್ಟು ಕೇಳಿ. ಝಕಾತ್ ಸಿಂಧುವಾಗಬೇಕಾದರೆ ತಮ್ಲೀಕ್ ಬೇಕು. ಅಂದರೆ ಹಣ ಬಡವನ ಒಡೆತನಕ್ಕೆ ಹೋಗಬೇಕು. ಸುಲಭದ ದಾರಿ, ಹಣವನ್ನು ಆ ಮನೆಯವರ ಕೈಗೆ ಕೊಡುವುದು, ಅವರೇ ಹೋಗಿ ಕಟ್ಟುವುದು. ನೀವೇ ಫೋನಿನಿಂದ ಕಟ್ಟುವುದಾದರೆ ಮೊದಲು ಅವರನ್ನು ಕೇಳಿ. ನಿಮ್ಮ ಬಿಲ್ಲು ನಾನು ಕಟ್ಟಲೇ ಎಂದು ಕೇಳಿ, ಕಟ್ಟಿ ಎಂದು ಅವರು ಹೇಳಿದ ಮೇಲೆ ಕಟ್ಟಿದರೆ ಝಕಾತ್ ಆಗುತ್ತದೆ. ಕೇಳದೆ, ಅವರಿಗೆ ತಿಳಿಯದಂತೆ ಆರ್‌ಆರ್ ನಂಬರ್ ಹುಡುಕಿ ಕಟ್ಟಿಬಿಟ್ಟರೆ ಅವರ ಸಾಲ ತೀರುತ್ತದೆ, ನಿಮಗೆ ಸದಕಾದ ಪ್ರತಿಫಲ ಸಿಗುತ್ತದೆ, ಝಕಾತ್ ಮಾತ್ರ ನಿಮ್ಮ ಮೇಲೆ ಹಾಗೇ ಉಳಿಯುತ್ತದೆ. ಕೇಳುವಾಗ ಇದು ಝಕಾತ್ ಎಂದು ಹೇಳಬೇಕಾಗಿಲ್ಲ. ಮನಸ್ಸಿನಲ್ಲಿ ನಿಯ್ಯತ್ ಇದ್ದರೆ ಸಾಕು. ಮಕ್ಕಳಿಗೆ ಇರಲಿ ಎನ್ನಿ, ಹಬ್ಬಕ್ಕೆ ಎನ್ನಿ. ಸೂರಃ ಬಕರದ 273ನೇ ವಚನ ಕೈಚಾಚದ ಬಡವರ ಬಗ್ಗೆ ಹೇಳುತ್ತದೆ. ತಿಳಿಯದವರಿಗೆ ಅವರು ಅನುಕೂಲಸ್ಥರಂತೆ ಕಾಣುತ್ತಾರೆ. ಕರೆಂಟ್ ಬಾಕಿ ಇರುವ ಮನೆಗಳಲ್ಲಿ ಹೆಚ್ಚಿನವು ಅಂಥವೇ. ಇಸ್ತ್ರಿ ಮಾಡಿದ ಜುಬ್ಬಾ ಹಾಕಿ ಮೊದಲ ಸಫ್‌ನಲ್ಲಿ ನಿಲ್ಲುವವರೂ ಅವರಲ್ಲಿರಬಹುದು.

ರಮಝಾನ್‌ನಲ್ಲಿ ಕೊಡುತ್ತೇವೆ ಮೌಲಾನಾ, ಆಗ ಪ್ರತಿಫಲ ಹೆಚ್ಚು ಎನ್ನುತ್ತೀರಿ. ಮುಂದಿನ ರಮಝಾನ್ ಬರುವುದು ಮಾರ್ಚ್‌ನಲ್ಲಿ. ಗಡುವು ಇರುವುದು ಸೆಪ್ಟೆಂಬರ್ 30. ನಿಸಾಬ್ ಇರುವವನು ವರ್ಷ ತುಂಬುವ ಮೊದಲೇ ಝಕಾತ್ ಕೊಡಬಹುದು, ಅದು ಪೂರ್ತಿ ಸಿಂಧು. ಈಗ ಕೊಟ್ಟದ್ದನ್ನು ಬರೆದಿಡಿ, ರಮಝಾನ್‌ನಲ್ಲಿ ಲೆಕ್ಕ ಮಾಡುವಾಗ ಕಳೆಯಿರಿ. ಈ ವರ್ಷ ಕೆಆರ್‌ಎಸ್ ತುಂಬಿಲ್ಲ, ನಾಲೆಯ ನೀರಿಗಾಗಿ ರೈತರು ರಸ್ತೆಗಿಳಿದಿದ್ದಾರೆ. ಗದ್ದೆಯ ಕೂಲಿ ಕಡಿಮೆಯಾದರೆ ಅದರ ಪೆಟ್ಟು ಎರಡೇ ತಿಂಗಳಲ್ಲಿ ಸಂತೆಗೂ ಗ್ಯಾರೇಜಿಗೂ ಬರುತ್ತದೆ. ಮಾರ್ಚ್‌ವರೆಗೆ ಕಾಯಬೇಡಿ.

ಇನ್ನೊಂದು ಮಾತು, ಕೆಲವರಿಗೆ ಚುಚ್ಚಬಹುದು. ಬ್ಯಾಂಕಿನಲ್ಲಿ ಬಿದ್ದ ಬಡ್ಡಿ ಹಣದಿಂದ ತಮ್ಮ ಮನೆಯ ಕರೆಂಟ್ ಬಿಲ್ ಕಟ್ಟುವವರಿದ್ದಾರೆ. ತಿಂದಿಲ್ಲವಲ್ಲ, ಬಿಲ್ಲಿಗೆ ತಾನೇ ಹಾಕಿದ್ದು ಎನ್ನುತ್ತಾರೆ. ಬಿಲ್ಲು ನಿಮ್ಮದು, ಲಾಭವೂ ನಿಮ್ಮದು. ಅದು ಸಲ್ಲದು. ಆ ಹಣವನ್ನು ಬಡವರಿಗೆ ಕೊಟ್ಟುಬಿಡಿ, ಅವರು ತಮ್ಮ ಬಿಲ್ಲು ಕಟ್ಟಿಕೊಳ್ಳಲಿ. ಆದರೆ ಅದನ್ನು ದಾನ ಎಂದು ಎಣಿಸಬೇಡಿ, ಅದು ಕೈ ತೊಳೆದುಕೊಂಡ ಹಾಗೆ. ಬಡವನಿಗೆ ನಿಮ್ಮ ಹಲಾಲ್ ದುಡಿಮೆಯಿಂದಲೂ ಒಂದಿಷ್ಟು ಸೇರಬೇಕು.

ಬಾಕಿ ಇರುವ ಸಹೋದರರಿಗೂ ಎರಡು ಮಾತು. ಕರೆಂಟ್ ಕಿತ್ತರೆ ಕಂಬದಿಂದ ವೈರ್ ಸಿಕ್ಕಿಸಿಕೊಳ್ಳುವ ಯೋಚನೆ ಬೇಡ. ಕಾನೂನಿನಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು ಇದೆ. ಕಾನೂನು ಕಾಣದಿದ್ದರೂ ಅದು ಕಳ್ಳತನವೇ, ಆ ಬೆಳಕಿನಲ್ಲಿ ಮಾಡಿದ ನಮಾಝಿನ ಬಗ್ಗೆ ನೀವೇ ಯೋಚಿಸಿ. ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್‌ರು ಸಾರ್ವಜನಿಕರ ಎಣ್ಣೆಯ ದೀಪದಲ್ಲಿ ರಾಜ್ಯದ ಕೆಲಸ ಮಾಡುತ್ತಿದ್ದು, ಮನೆಯ ಮಾತು ಬಂದ ಕೂಡಲೇ ಅದನ್ನು ಆರಿಸಿ ತಮ್ಮ ಸ್ವಂತ ದೀಪ ಹಚ್ಚಿಸಿದ ಪ್ರಸಂಗ ಮದ್ರಸಾದ ಮಕ್ಕಳಿಗೂ ಗೊತ್ತು. ಎರಡನೆಯದು, ಅವಿತುಕೊಳ್ಳಬೇಡಿ. ಮೀಟರ್ ನೋಡುವ ಹುಡುಗ ಬಂದಾಗ ಮಕ್ಕಳ ಕೈಯಲ್ಲಿ ಅಬ್ಬಾ ಮನೆಯಲ್ಲಿಲ್ಲ ಎಂದು ಹೇಳಿಸಬೇಡಿ. ಮಗುವಿಗೆ ಸುಳ್ಳು ಕಲಿಸಿದಂತಾಗುತ್ತದೆ. ಬಿಲ್ಲು ಹಿಡಿದು ಕಚೇರಿಗೆ ಹೋಗಿ, ಕಂತು ಮಾಡಿಕೊಡಿ ಎಂದು ಅರ್ಜಿ ಬರೆದುಕೊಡಿ, ಅದಕ್ಕೆ ಸ್ವೀಕೃತಿ ಪಡೆಯಿರಿ. ಬರೆಯಲು ಬಾರದಿದ್ದರೆ ನನ್ನ ಬಳಿ ಬನ್ನಿ.

ಕಮಿಟಿಯವರ ಜೊತೆ ಮಾತಾಡಿ ಒಂದು ವ್ಯವಸ್ಥೆ ಮಾಡಿದ್ದೇವೆ. ಇಶಾ ನಮಾಝಿನ ನಂತರ ಮದ್ರಸಾದ ಕೋಣೆಯಲ್ಲಿ ನಾನೂ ಇನ್ನೊಬ್ಬರೂ ಇರುತ್ತೇವೆ. ಬಾಕಿ ಇರುವವರು ಬಿಲ್ಲು ತೋರಿಸಿದರೆ ಸಾಕು, ಹೆಸರು ಯಾವ ಬೋರ್ಡಿನ ಮೇಲೂ ಬರುವುದಿಲ್ಲ. ಹೆಂಗಸರು ಮದ್ರಸಾದ ಉಸ್ತಾನಿಯ ಬಳಿ ಕೊಡಬಹುದು. ಕೊಡುವವರು ಒಂದು ಮನೆಯ ಒಂದು ಬಿಲ್ಲನ್ನು ಹೊತ್ತುಕೊಳ್ಳಿ. ಯಾವ ಮನೆ ಎಂದು ಕೇಳಬೇಡಿ. ಆ ಮನೆಯವರ ಪರವಾನಗಿ ನಾವು ಪಡೆದಿರುತ್ತೇವೆ, ರಸೀದಿ ಅವರ ಕೈ ಸೇರುತ್ತದೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಇಮಾಮರಿಗೂ ಫೋನಿನಲ್ಲಿ ಈ ವಿಷಯ ತಿಳಿಸಿದ್ದೇನೆ.

*

ನಮಾಝ್ ಮುಗಿದ ಮೇಲೆ ಕೆಲವರು ಕೇಳಿದ ಪ್ರಶ್ನೆಗಳು ಓದುಗರಿಗೂ ಉಪಯೋಗವಾದೀತೆಂದು ಇಲ್ಲಿ ಸೇರಿಸಿದ್ದೇನೆ.

ಮಸೀದಿಯ ಕರೆಂಟ್ ಬಿಲ್ಲನ್ನು ಝಕಾತ್ ಹಣದಿಂದ ಕಟ್ಟಬಹುದೇ ಎಂದು ಒಬ್ಬರು ಕೇಳಿದರು. ಕಟ್ಟುವಂತಿಲ್ಲ. ಮಸೀದಿ ಬಡ ವ್ಯಕ್ತಿಯಲ್ಲ, ಅಲ್ಲಿ ತಮ್ಲೀಕ್ ಆಗುವುದಿಲ್ಲ. ಅದಕ್ಕೆ ಚಂದಾ, ಸದಕಾ ಇದೆ. ಜೊತೆಗೆ, ಜನರಿಲ್ಲದ ಹೊತ್ತಿನಲ್ಲಿ ಫ್ಯಾನು ಆರಿಸುವ ಅಭ್ಯಾಸವೂ ಇರಲಿ.

ಅಣ್ಣನ ಬಿಲ್ಲು ತಮ್ಮ ಕಟ್ಟಬಹುದೇ? ಅಣ್ಣ ಅರ್ಹನಾದರೆ ಝಕಾತ್‌ನಿಂದಲೂ ಕಟ್ಟಬಹುದು, ಅದರಲ್ಲಿ ದಾನದ ಜೊತೆಗೆ ಬಂಧುತ್ವದ ಪ್ರತಿಫಲವೂ ಇದೆ. ತಂದೆ-ತಾಯಿ, ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಗಂಡ-ಹೆಂಡತಿ, ಇವರಿಗೆ ಝಕಾತ್ ಸಲ್ಲದು. ಅಪ್ಪನ ಮನೆಯ ಬಿಲ್ಲು ಮಗನ ಸ್ವಂತ ಜೇಬಿನಿಂದಲೇ ಹೋಗಬೇಕು.

ಕೋವಿಡ್‌ನಲ್ಲಿ ತೀರಿಕೊಂಡವರ ಹೆಸರಿನಲ್ಲೇ ಮೀಟರ್ ಇದೆ, ಬಾಕಿ ಅವರ ಕಾಲದ್ದು, ಏನು ಮಾಡುವುದು? ಮೃತರ ಸಾಲವನ್ನು ನೇರವಾಗಿ ಝಕಾತ್‌ನಿಂದ ತೀರಿಸಲು ನಮ್ಮ ಫಿಕ್ಹಿನಲ್ಲಿ ಬರುವುದಿಲ್ಲ. ಅವರ ಹೆಂಡತಿ ಅರ್ಹರಾಗಿದ್ದರೆ ಹಣವನ್ನು ಅವರಿಗೆ ಕೊಡಿ, ಅವರು ತಮ್ಮ ಕೈಯಿಂದ ಕಟ್ಟಲಿ. ಹಾಗೆಯೇ ಮರಣಪತ್ರ ಕೊಟ್ಟು ಮೀಟರನ್ನು ಅವರ ಹೆಸರಿಗೆ ಮಾಡಿಸಿಕೊಡಿ, ಗೃಹಜ್ಯೋತಿಗೂ ಅದು ಅನುಕೂಲ.

ಕೊನೆಗೆ ಒಬ್ಬ ಯುವಕ, ಪಕ್ಕದ ಮನೆಯವರು ಮುಸ್ಲಿಮರಲ್ಲ, ಲಾಕ್‌ಡೌನಿನಲ್ಲಿ ನಮಗೆ ಹಾಲು ಕೊಟ್ಟವರು ಅವರೇ, ಈಗ ಅವರಿಗೂ ಬಾಕಿ ಇದೆ ಎಂದ. ಝಕಾತ್ ನಮ್ಮವರಲ್ಲಿನ ಅರ್ಹರಿಗೆ ಮೀಸಲು. ಸದಕಾಕ್ಕೆ ಆ ಗೆರೆಯಿಲ್ಲ, ನೆರೆಯವನ ಹಕ್ಕಿಗೂ ಆ ಗೆರೆಯಿಲ್ಲ. ಬಾಕಿ ಎಷ್ಟಿದೆ ಎಂದು ಕೇಳಿದೆ. 1,140 ಎಂದ. ಅಲ್ಲೇ ನಿಂತಿದ್ದ ನಾಲ್ಕು ಮಂದಿ ಜೇಬಿಗೆ ಕೈ ಹಾಕಿದರು. ಅವರನ್ನು ಮೊದಲು ಒಂದು ಮಾತು ಕೇಳಿಕೊಂಡು ಬಾ, ಅವರ ಮನಸ್ಸಿಗೆ ನೋವಾಗಬಾರದು ಎಂದು ಹೇಳಿ ಅವನನ್ನು ಕಳಿಸಿದೆ.